ಗದ್ದಲದ ಹವ್ಯಾಸಕ್ಕೊಂದು ವಾರಾಂತ್ಯದ ಮನೆ: ಧಾರವಾಡದ ಸುತ್ತ ಹುಡುಕುವುದು ಹೇಗೆ?

ನಮ್ಮ ಮನೆ ಸಪ್ತಾಪುರದಲ್ಲಿ. ಎಡಕ್ಕೊಂದು ಪಿಜಿ, ಬಲಕ್ಕೊಂದು ಪಿಜಿ. ಕೆಎಎಸ್, ಪಿಎಸ್‌ಐ, ಬ್ಯಾಂಕ್ ಪರೀಕ್ಷೆ ಅಂತ ಎಲ್ಲೆಲ್ಲಿಂದಲೋ ಬಂದು ಓದುವ ಮಕ್ಕಳು. ಅವರ ಗೋಡೆಯಾಚೆ ನಾನು ಕಟ್ಟಿಗೆ ಕೊಯ್ಯುವ ಮಷಿನ್ ಹಚ್ಚೋದು, ಮಗಳು ಡ್ರಮ್ಸ್ ಬಾರಿಸೋದು ಸರಿಯಲ್ಲ. ಎರಡನ್ನೂ ಬಿಡಲು ನಮಗೆ ಮನಸ್ಸಿಲ್ಲ. ಅದಕ್ಕೇ ಹಳಿಯಾಳ ರಸ್ತೆಯ ಕಡೆ ಒಂದು ಹಳೇ ಮನೆ ಬಾಡಿಗೆಗೆ ಹಿಡಿದಿದ್ದೇವೆ. ಶನಿವಾರ ಮಧ್ಯಾಹ್ನ ಹೋಗಿ ಭಾನುವಾರ ಸಂಜೆ ಬರುತ್ತೇವೆ. ಇಂಥದ್ದೇ ಜಾಗ ಹುಡುಕುವವರಿಗೆ ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ.

ಮೊದಲನೆಯದು, ಕೆರೆ ಕಾಣುತ್ತದೆ, ಗುಡ್ಡ ಕಾಣುತ್ತದೆ ಅಂತ ಮನೆ ಹಿಡಿಯಬೇಡಿ. ಅಲ್ಲಿ ಯಾರಿಗೆ ನಿಮ್ಮ ಸದ್ದು ಕೇಳಿಸುತ್ತದೆ ಅನ್ನೋದನ್ನು ನೋಡಿ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮಷಿನ್‌ನಿಂದ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಇದ್ದರೆ 2 ಮೀಟರ್‌ಗೆ 94, 4 ಮೀಟರ್‌ಗೆ 88. ಹೀಗೇ ಲೆಕ್ಕ ಹಾಕುತ್ತ ಹೋದರೆ 128 ಮೀಟರ್‌ನಲ್ಲಿ 58, 256 ಮೀಟರ್‌ನಲ್ಲಿ 52. ಶಬ್ದ ಮಾಲಿನ್ಯದ 2000ರ ನಿಯಮಗಳ ಪ್ರಕಾರ ಜನವಸತಿ ಇರುವಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಅಂದರೆ ಬಯಲಲ್ಲೇ ಮಷಿನ್ ಹಚ್ಚುವವರಿಗೆ ಪಕ್ಕದ ಮನೆ ಕಾಲು ಕಿಲೋಮೀಟರ್ ಆಚೆ ಇದ್ದರೆ ಒಳ್ಳೆಯದು. ಗಟ್ಟಿ ಗೋಡೆಯ ಒಳಗಾದರೆ ಅಷ್ಟು ದೂರ ಬೇಕಿಲ್ಲ.

ಈ ಲೆಕ್ಕವನ್ನು ಗಾಳಿ ಕೆಡಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಪಡುವಣ ಗಾಳಿ ಹೇಗೆ ಬೀಸುತ್ತದೆ ಅನ್ನೋದು ಧಾರವಾಡದವರಿಗೆ ಹೇಳಬೇಕಿಲ್ಲ. ಸದ್ದು ಗಾಳಿಯ ಜೊತೆ ಮೂಡಲಕ್ಕೆ ಹೋಗುತ್ತದೆ. ಹಾಗಾಗಿ ಹತ್ತಿರದ ಮನೆಗಳು ನಿಮ್ಮ ಪಡುವಣಕ್ಕಿರಲಿ. ಚಳಿಗಾಲದ್ದು ಬೇರೆ ಕಥೆ. ಸಂಜೆ ನೆಲ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಕ್ಕೇ ಬರುತ್ತದೆ. ದೂರದ ಊರಿನ ಗುಡಿಯ ಭಜನೆ ಸಂಜೆ ಪಕ್ಕದಲ್ಲೇ ನಡೆದಂತೆ ಕೇಳುತ್ತದಲ್ವಾ, ಅದಕ್ಕೇ. ಜೋರು ಕೆಲಸವನ್ನೆಲ್ಲ ಬೆಳಿಗ್ಗೆ 11ರಿಂದ ಸಂಜೆ 4ರೊಳಗೆ ಮುಗಿಸಿ.

ಮುಂಗಡ ಕೊಡುವ ಮೊದಲು ಮಷಿನ್ ಒಯ್ದು ಅಲ್ಲೇ ಹಚ್ಚಿ ನೋಡಿ. ನಾನು ಒಳಗೆ ಗ್ರೈಂಡರ್ ಹಿಡಿದು ನಿಂತೆ. ನನ್ನ ಹೆಂಡತಿ ಫೋನ್ ಹಿಡಿದು ಹೊಲದ ಬದುವಿನ ಮೇಲೆ ನಡೆಯುತ್ತ ಹೋದಳು. ಬಾಗಿಲು ತೆಗೆದಾಗ, ಹಾಕಿದಾಗ, ಮತ್ತೆ ಸಂಜೆ, ಹೀಗೆ ಕೇಳಿಸಿಕೊಂಡು ಬಂದಳು. ಹತ್ತಿರದ ಮನೆಯ ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಅವಳಿಗೆ ಚಹಾ ಕೊಟ್ಟು ಒಂದೇ ಮಾತು ಹೇಳಿದರು: "ಎಮ್ಮಿ ಹಿಂಡೂ ಹೊತ್ತಿನ್ಯಾಗ ಒಂದು ಹಚ್ಚಬ್ಯಾಡ್ರಿ ಯವ್ವಾ, ಉಳಿದಂಗ ನಮಗೇನೂ ತ್ರಾಸಿಲ್ಲ." ಇಂಥ ಮಾತು ಮೊದಲೇ ಸಿಗಬೇಕು. ಅಕ್ಕಪಕ್ಕದ ಎಲ್ಲರನ್ನೂ ಹೋಗಿ ಕೇಳಿ. ಬಾಣಂತಿ ಇದ್ದಾರಾ, ಹತ್ತನೇ ಕ್ಲಾಸಿನ ಮಕ್ಕಳಿದ್ದಾರಾ, ಸುಗ್ಗಿಯಲ್ಲಿ ರಾತ್ರಿ ಹೊಲ ಕಾದು ಹಗಲು ಮಲಗುವವರಿದ್ದಾರಾ. ಪಕ್ಕದಲ್ಲಿ ಕೋಳಿ ಫಾರ್ಮ್ ಇದ್ದರೆ ಆ ಜಾಗ ಬಿಟ್ಟುಬಿಡಿ. ದಿಢೀರ್ ಸದ್ದಿಗೆ ಕೋಳಿಗಳು ಬೆದರುತ್ತವೆ, ನಷ್ಟ ಇನ್ನೊಬ್ಬರಿಗೆ.

ಯಾವ ದಿಕ್ಕಿಗೆ ಹುಡುಕಬೇಕು? ಹೆಬ್ಬಳ್ಳಿ, ನವಲಗುಂದದ ಕಡೆ ಎರೆಭೂಮಿ. ಬಯಲು ಬಯಲಾಗಿ ಚೆಂದ. ಆದರೆ ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳಕ್ಕಿಲ್ಲದ ಮನೆಗೆ ಬಿರುಕು ಗ್ಯಾರಂಟಿ, ಮಷಿನ್ ಕೂರಿಸಿದ ನೆಲವೂ ಸಮ ಉಳಿಯುವುದಿಲ್ಲ. ಕಚ್ಚಾ ರಸ್ತೆಯಾದರೆ ಮಳೆಗಾಲದಲ್ಲಿ ಬೈಕಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆ ಮಣ್ಣು ಮೆತ್ತಿ ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಲಘಟಗಿ, ಅಳ್ನಾವರದ ಕಡೆ ಕೆಂಪು ಮಸಾರಿ ಮಣ್ಣು ಜಾಸ್ತಿ. ನನ್ನ ಓಟು ಆ ಕಡೆಗೇ.

ಹಳೇ ಮನೆಯ ದಪ್ಪ ಮಣ್ಣಿನ ಗೋಡೆಗೆ ಸಮ ಯಾವುದೂ ಇಲ್ಲ. ಸದ್ದು ತಡೆಯೋದು ತೂಕ, ಮೆತ್ತಗಿರೋದಲ್ಲ. ಮೊಟ್ಟೆ ಟ್ರೇ ಅಂಟಿಸಿದರೆ ಏನೂ ನಿಲ್ಲುವುದಿಲ್ಲ. ಗೋಡೆಗೆ ಕೌದಿ ತೂಗುಹಾಕಿದರೆ ಒಳಗಿನ ಮಾರ್ದನಿ ತಗ್ಗುತ್ತದೆ, ಡ್ರಮ್ಸ್ ಕೇಳಲು ಹಿತ ಅನ್ನಿಸುತ್ತದೆ, ಅಷ್ಟೇ. ಸದ್ದು ಹೊರಗೆ ಹೋಗುವುದು ಹಂಚಿನ ಸಂದಿಯಿಂದ, ಕಿಟಕಿಯಿಂದ, ಬಾಗಿಲ ಕೆಳಗಿನಿಂದ. ನಾವು ಬಾಗಿಲ ಅಡಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ, ನೆಲಕ್ಕೆ ತಾಗುವಂತೆ ಮೊಳೆ ಹೊಡೆದಿದ್ದೇವೆ. ಹಂಚಿನ ಕೆಳಗೆ ಪ್ಲೈವುಡ್ ಒಳಮಾಡು ಹಾಕಿಸಿದ್ದೇವೆ. ತಗಡಿನ ಶೆಡ್ ಮಾತ್ರ ಬೇಡ. ಅದು ಸದ್ದು ತಡೆಯೋದಿಲ್ಲ, ತಾನೂ ಗಡಗಡ ಅನ್ನುತ್ತದೆ.

ಕಾಗದಪತ್ರ. ಬಾಡಿಗೆಗೆ ಮನೆ ಮಾತ್ರ ಹಿಡಿಯಿರಿ, 11 ತಿಂಗಳ ಕರಾರು ಸಾಕು. ಹೊಲವನ್ನು ಗೇಣಿಗೆ ಕೊಡಲು ನಮ್ಮ ರಾಜ್ಯದ ಕಾನೂನಿನಲ್ಲಿ ಅಡ್ಡಿ ಇದೆ. ಕೊಳ್ಳುವ ಯೋಚನೆ ಇದ್ದರೆ, 2020ರ ತಿದ್ದುಪಡಿಯ ನಂತರ ರೈತರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಮಾಡಿಸದೆ ಅಲ್ಲಿ ವಾರಾಂತ್ಯದ ಬಂಗಲೆ ಕಟ್ಟುವಂತಿಲ್ಲ. ಉತಾರ (ಪಹಣಿ) ತೆಗೆಸಿ ವಕೀಲರಿಗೆ ತೋರಿಸಿ. ಕೊಳ್ಳುವ ಮೊದಲು ಒಂದು ಮಳೆಗಾಲ ಅದೇ ಊರಲ್ಲಿ ಬಾಡಿಗೆಗಿದ್ದು ನೋಡಿ ಅಂತ ನನ್ನ ಸಲಹೆ.

ಕರೆಂಟಿನ ಬಗ್ಗೆ ಮಷಿನ್ ಕೊಳ್ಳುವ ಮೊದಲೇ ವಿಚಾರಿಸಿ. ಪಂಪ್‌ಸೆಟ್‌ನ ತ್ರೀ ಫೇಸ್ ಕೆಲವೇ ತಾಸು ಬರುತ್ತದೆ, ಅದರ ಮೇಲೆ ಭರವಸೆ ಇಡಬೇಡಿ. ಸಿಂಗಲ್ ಫೇಸಿನಲ್ಲಿ ಓಡುವ, 2 ಎಚ್‌ಪಿ ಒಳಗಿನ ಮಷಿನ್ ಸಾಕು. ಮೋಟರ್ ಗುಂಯ್ ಅಂದು ತಿರುಗದಿದ್ದರೆ ವೋಲ್ಟೇಜ್ ಬಿದ್ದಿರಬಹುದು. ತಕ್ಷಣ ಬಂದ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ಉದ್ದನೆಯ ತೆಳು ವೈರ್ ಎಳೆಯಬೇಡಿ.

ನಿಮ್ಮ ಕಿವಿಯನ್ನೂ ನೋಡಿಕೊಳ್ಳಿ. 85 ಡೆಸಿಬಲ್ ಸದ್ದನ್ನು 8 ತಾಸು ತಡೆಯುವ ಕಿವಿ, 100 ಡೆಸಿಬಲ್ ಇದ್ದರೆ 15 ನಿಮಿಷ ಮಾತ್ರ ತಡೆಯುತ್ತದೆ. ಇಯರ್ ಮಫ್ ಹಾಕದೆ ಮಗಳು ಕಡ್ಡಿ ಮುಟ್ಟುವಂತಿಲ್ಲ, ನಾನು ಸ್ವಿಚ್ ಒತ್ತುವಂತಿಲ್ಲ. ಹೊರಡುವಾಗ ಸಣ್ಣ ಮಷಿನ್‌ಗಳನ್ನು ಕಾರಿಗೆ ಹಾಕಿಕೊಂಡು ಬನ್ನಿ. ದೊಡ್ಡವನ್ನು ಬಿಟ್ಟು ಬರುವುದಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳ ಕಬ್ಬಿಣದ ಮೇಜಿಗೆ ಪ್ರತಿ ಸಲ ಮೇಣ ತಿಕ್ಕಿ ಬನ್ನಿ. ನಮ್ಮ ಧಾರವಾಡದ ಜಿಟಿಜಿಟಿ ಮಳೆಗೆ ಒಂದೇ ವಾರದಲ್ಲಿ ತುಕ್ಕು ಏರುತ್ತದೆ.