ಕಾಲಿಗೂ ಜ್ವರ ನೋಡುವವನ ಲೆಕ್ಕದ ಪುಸ್ತಕ

ನನಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿದ್ದ ಹುಣ್ಣು 2019ರ ಯುಗಾದಿಯ ಹೊತ್ತಿಗೆ ವಾಸಿಯಾಯಿತು. ಅಂದಿನಿಂದ ಇಂದಿನವರೆಗೆ ಎರಡು ಪಾದಗಳಲ್ಲಿ ಒಂದಕ್ಕೂ ಡ್ರೆಸಿಂಗ್ ಬೇಕಾಗುವಂಥ ಗಾಯವಾಗಿಲ್ಲ. ಹೀಗೆ ವಾಸಿಯಾದವರಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಒಂದು ವರ್ಷದೊಳಗೇ ಹುಣ್ಣು ಮರುಕಳಿಸುತ್ತದೆಂದು ವೈದ್ಯರು ಅಂದೇ ಎಚ್ಚರಿಸಿದ್ದರು. ಆದ್ದರಿಂದ ಈ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೇನೆ. ಪಾದದ ಸ್ಪರ್ಶಜ್ಞಾನ ಪರೀಕ್ಷಿಸುವ ನೈಲಾನ್ ಎಳೆಯನ್ನು (ಮಾನೋಫಿಲಮೆಂಟ್) ಮುಟ್ಟಿಸಿದರೆ ಬಲಪಾದದ ಹತ್ತು ಜಾಗಗಳ ಪೈಕಿ ಆರರಲ್ಲಿ ನನಗೆ ಏನೂ ತಿಳಿಯುವುದಿಲ್ಲ. ಅಂದರೆ ಅಲ್ಲಿ ಗಾಯವಾದರೂ ನೋವು ತಿಳಿಯದೆ ಹೋಗಬಹುದು.

ಆ ಹುಣ್ಣಿಗೆ ಕಾರಣ ನಾನೇ. ಆಣಿ ಬಂದಿತ್ತು, ಔಷಧಿ ಅಂಗಡಿಯಲ್ಲಿ ಸಿಗುವ ಆಣಿಯ ಪಟ್ಟಿಯನ್ನು ತಂದು ಅಂಟಿಸಿಕೊಂಡೆ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದವಿಲ್ಲ. ನೋವು ತಿಳಿಯದ ಕಾಲಿನಲ್ಲಿ ಅದು ನಾಲ್ಕು ದಿನ ಸುಮ್ಮನೆ ಕೊರೆಯುತ್ತಲೇ ಹೋಯಿತು. ಸಾಲದ್ದಕ್ಕೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತೆ. ನೀರು ಎಷ್ಟು ಬಿಸಿಯಿತ್ತೆಂಬುದು ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ. ವಾಸಿಯಾಗಲು ನಾಲ್ಕು ತಿಂಗಳಾಯಿತು. ಡ್ರೆಸಿಂಗ್, ಆ್ಯಂಟಿಬಯಾಟಿಕ್, ಆಟೋ ಖರ್ಚು ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಆಚೀಚೆ ಹೋಯಿತು. ರಸೀದಿಗಳನ್ನೆಲ್ಲ ಇಟ್ಟಿಲ್ಲವಾದ್ದರಿಂದ ಈ ಮೊತ್ತ ನೆನಪಿನದ್ದು.

ನಾನು ಪೀಣ್ಯದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು. ಅಳೆಯದೆ ಯಾವುದನ್ನೂ ಪಾಸು ಮಾಡುವುದು ನನ್ನ ಕೈಗೆ ಬರುವುದಿಲ್ಲ. ಹಾಗಾಗಿ ರಾತ್ರಿ ಒಂಬತ್ತಕ್ಕೆ, ಊಟದ ಮಾತ್ರೆ ನುಂಗಿದ ಮೇಲೆ, ಪಾದಗಳನ್ನು ತಪಾಸಣೆಯ ಮೇಜಿಗೆ ಬಂದ ಬಿಡಿಭಾಗಗಳಂತೆಯೇ ನೋಡತೊಡಗಿದೆ. ಮೊದಮೊದಲು ಅಂಗಾಲು ನೋಡಲು ಸ್ಟೀಲ್ ತಟ್ಟೆಯ ಬೆನ್ನನ್ನು ಕನ್ನಡಿಯಾಗಿ ಹಿಡಿದದ್ದಕ್ಕೆ ಮನೆಯವಳಿಂದ ಬೈಸಿಕೊಂಡು, ಮರುದಿನವೇ ಗಾಂಧಿಬಜಾರಿನಲ್ಲಿ ಅರವತ್ತು ರೂಪಾಯಿಯ ಕನ್ನಡಿ ತಂದೆ. ಬೆರಳ ಸಂದುಗಳಿಗೆ ಅದು ಸಾಲದು. ಅಲ್ಲಿಗೆ ಟಾರ್ಚೇ ಬೇಕು.

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಮನೆಯೊಳಗೆ ಚಪ್ಪಲಿ ಹಾಕುವ ವಿಚಾರದಲ್ಲಿ. ಬೀದಿಯಲ್ಲಿ ಎಷ್ಟು ಜಾಗ್ರತೆಯಿಂದ ನಡೆದರೂ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ದಿನದ ಬಹುಪಾಲು ಹೊತ್ತು ಬರಿಗಾಲೇ. ಅಡುಗೆಮನೆಯ ಗಾಜಿನ ಚೂರು, ಸೂಜಿ, ಮೇಜಿನ ಕಾಲು ಇವೆಲ್ಲ ಇರುವುದು ಅಲ್ಲಿಯೇ. ಆದರೆ ಎಂಬತ್ತೆಂಟರ ನನ್ನ ತಾಯಿಗೆ ಇದನ್ನು ಒಪ್ಪಿಸುವುದು ಹೇಗೆ? “ಒಲೆ ಮುಂದೆ ಚಪ್ಪಲಿ ಮೆಟ್ಕೊಂಡು ಬರ್ತೀಯೇನೋ?” ಎಂದು ಎರಡು ದಿನ ಮಾತು ಬಿಟ್ಟರು. ಕೊನೆಗೆ ಹೊಸ್ತಿಲು ದಾಟದ ಜೊತೆಯೊಂದನ್ನು ಬೇರೆಯಾಗಿ ಇಟ್ಟು, ವಾರಕ್ಕೊಮ್ಮೆ ಅವರ ಕಣ್ಣೆದುರೇ ಸೋಪಿನಲ್ಲಿ ತೊಳೆಯುತ್ತೇನೆಂಬ ಒಪ್ಪಂದವಾಯಿತು. ದೇವರ ಕೋಣೆಗೆ ಮಾತ್ರ ದಪ್ಪ ಕಾಲುಚೀಲ. ದೇವಸ್ಥಾನಕ್ಕೂ ಅದೇ ನಿಯಮ. ದೊಡ್ಡ ಬಸವಣ್ಣನ ಗುಡಿಗೆ ಬೆಳಿಗ್ಗೆ ಏಳರೊಳಗೆ ಹೋಗಿ ಬಂದುಬಿಡುತ್ತೇನೆ. ಏಪ್ರಿಲ್ ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆಯನ್ನು ಯಾವ ಹರಕೆಗೂ ಹೇಳಿಕೊಳ್ಳುವುದಿಲ್ಲ.

ಹೊರಗೆ ಹೋಗಲು ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ. ಈ ಮೆತ್ತನೆಯ ರಬ್ಬರನ್ನು ನಮ್ಮ ದೇಶದಲ್ಲಿ ಮೊದಲು ಬಳಸಿದ್ದು ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠರೋಗಿಗಳ ಪಾದರಕ್ಷಣೆಗೆ. ಅದನ್ನು ಎಲ್ಲಿಯೋ ಕೇಳಿಕೊಂಡು ಬಂದ ನನ್ನ ಭಾವಮೈದುನ ಮದುವೆಮನೆಯೊಂದರಲ್ಲಿ ಎಲ್ಲರೆದುರು ಹಾಸ್ಯ ಮಾಡಿದ. ನೋವು ತಿಳಿಯದ ಪಾದಕ್ಕೆ ರೋಗದ ಹೆಸರು ಯಾವುದಾದರೇನು? ಚಪ್ಪಲಿಯ ಒಂದು ಜೊತೆಗೆ ನಾನು ಕೊಟ್ಟದ್ದು ಸಾವಿರದ ಇನ್ನೂರರಷ್ಟು. ಹೊಸದರಲ್ಲಿ ಅಟ್ಟೆಯ ದಪ್ಪ 12 ಮಿ.ಮೀ. ಇರುತ್ತದೆ, ತಿಂಗಳಿಗೊಮ್ಮೆ ವರ್ನಿಯರ್ ಹಿಡಿದು ಹೆಬ್ಬೆರಳ ಬುಡ ಕೂರುವ ಜಾಗದಲ್ಲಿ ಅಳೆಯುತ್ತೇನೆ. 8ಕ್ಕೆ ಇಳಿದರೆ ಮೇಲ್ನೋಟಕ್ಕೆ ಎಷ್ಟೇ ಹೊಸದಾಗಿ ಕಂಡರೂ ಬದಲಾಯಿಸುತ್ತೇನೆ. ನನ್ನ ನಡಿಗೆಗೆ ಇದು ಏಳೆಂಟು ತಿಂಗಳ ಬಾಳಿಕೆ. ಹಳೆಯ ಹುಣ್ಣಿನ ಜಾಗಕ್ಕೆ ಭಾರ ಬೀಳದಂತೆ ಅಟ್ಟೆಯಲ್ಲಿ ಮಾಡಿಸಿಕೊಂಡಿರುವ ಸಣ್ಣ ಮಾರ್ಪಾಡೊಂದಿದೆ. ಅದು ಏನೆಂದು ಬರೆಯುವುದಿಲ್ಲ, ಏಕೆಂದರೆ ನನ್ನ ಪಾದಕ್ಕೆ ಹೊಂದಿದ ತಗ್ಗು ಇನ್ನೊಬ್ಬರ ಪಾದಕ್ಕೆ ಗಾಯ ಮಾಡೀತು. ಮಾಡಿಕೊಟ್ಟವರ ವಿಳಾಸವನ್ನೂ ಕೇಳಬೇಡಿ. ಈಗಲೇ ಅವರು ನನ್ನನ್ನು ಎರಡು ವಾರ ಕಾಯಿಸುತ್ತಾರೆ.

ಹಾಕುವ ಮುನ್ನ ಶೂ ಒಳಗೆ ಕೈಯಾಡಿಸುವುದನ್ನು ನಾನು ಕಲಿತದ್ದು ಲಾಲ್‌ಬಾಗಿನಲ್ಲಿ. ಮೂರು ಸುತ್ತು ನಡೆದು ಮನೆಗೆ ಬಂದು ಶೂ ಬಿಚ್ಚಿದರೆ ಒಳಗೊಂದು ಅಡಿಕೆ ಹೋಳು, ಬಿಳಿಯ ಕಾಲುಚೀಲದ ಮೇಲೆ ಕಾಳುಮೆಣಸಿನಷ್ಟು ಕೆಂಪು ಕಲೆ. ಕಾಲುಚೀಲ ಕಪ್ಪಾಗಿದ್ದರೆ ಅದೂ ಕಾಣುತ್ತಿರಲಿಲ್ಲ. ಅಂದಿನಿಂದ ಮನೆಯಲ್ಲಿ ಬಿಳಿಯದೇ, ಅದೂ ಒಳಹೊಲಿಗೆ ಚರ್ಮಕ್ಕೆ ಒತ್ತದಂತೆ ತಿರುಗಿಸಿ.

ಇನ್ನು ಜ್ವರದ ವಿಚಾರ. ಕೊರೋನಾ ಕಾಲದಲ್ಲಿ ಎಲ್ಲರ ಮನೆಗೂ ಬಂದ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ನಾನು ಪಾದಕ್ಕೆ ಹಿಡಿದೆ. “ಏನ್ ಭಾವ, ಕಾಲಿಗೂ ಜ್ವರ ನೋಡ್ತೀರಾ?” ಎಂದು ನಕ್ಕವನೂ ಅದೇ ಭಾವಮೈದುನ. ಮೊದಲ ಎರಡು ತಿಂಗಳ ಲೆಕ್ಕವೆಲ್ಲ ವ್ಯರ್ಥವಾಯಿತು, ಏಕೆಂದರೆ ದೇಹದ ಜ್ವರ ನೋಡುವ ಕ್ರಮದಲ್ಲಿ ಅದು ಚರ್ಮದ ಶಾಖವನ್ನು ಹಾಗೆಯೇ ತೋರಿಸದೆ ತಾನೇ ಹೊಂದಿಸಿ ತೋರಿಸುತ್ತದೆ. ವಸ್ತುಗಳ ಮೇಲ್ಮೈ ಅಳೆಯುವ ಕ್ರಮಕ್ಕೆ ಬದಲಾಯಿಸಿದ ಮೇಲೆ ಅಂಕಿಗಳು ದಾರಿಗೆ ಬಂದವು. ಕಾಲುಚೀಲ ತೆಗೆದು ಹತ್ತು ನಿಮಿಷ ಬಿಟ್ಟು, ಒಂದೊಂದು ಪಾದದ ಆರಾರು ಜಾಗಗಳನ್ನು ಒಂದೇ ಅಂತರದಿಂದ ಅಳೆದು, ಎಡಬಲಗಳನ್ನು ಹೋಲಿಸಿ ಬರೆಯುತ್ತೇನೆ. ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಎರಡು ದಿನ ಸತತವಾಗಿ ಕಂಡರೆ ಒಳಗೆ ಉರಿಯೂತವಿದೆಯೆಂದು ತಿಳಿದು ನಡಿಗೆ ನಿಲ್ಲಿಸಬೇಕು, ವೈದ್ಯರಿಗೆ ತೋರಿಸಬೇಕು. ನನ್ನ ಕಾಲುಗಳ ನಾಡಿ ಚೆನ್ನಾಗಿದೆ. ಒಂದು ಕಾಲಿಗೆ ರಕ್ತಸಂಚಾರ ಕಡಿಮೆಯಿರುವವರು ಈ ಹೋಲಿಕೆಯನ್ನು ನಂಬಿ ಕೂರಬಾರದು.

2021ರ ನವೆಂಬರಿನಲ್ಲಿ ಎಡಗಾಲಿನ ಕಿರುಬೆರಳ ಬುಡ ಬಲಗಾಲಿನದಕ್ಕಿಂತ 2.8ರಷ್ಟು ಹೆಚ್ಚು ತೋರಿಸಿತು; ಮರುದಿನ 3.1. ಕಣ್ಣಿಗೆ ಕಂಡದ್ದು ಒಂದು ಸಾಧಾರಣ ಗಟ್ಟಿ ಚರ್ಮ, ಅಷ್ಟೇ. “ಇಷ್ಟಕ್ಕೇ ಬಂದ್ರಾ?” ಎನ್ನುತ್ತಲೇ ವೈದ್ಯರು ಅದನ್ನು ಕೆತ್ತಿದಾಗ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಇನ್ನೊಂದು ವಾರ ನಡೆದಿದ್ದರೆ ಅದು ಒಡೆದು ಹುಣ್ಣಾಗುತ್ತಿತ್ತು ಎಂದು ಅವರೇ ಹೇಳಿದರು. ಖರ್ಚು ಆರುನೂರು ರೂಪಾಯಿ, ವಿಶ್ರಾಂತಿ ಹತ್ತು ದಿನ. ಹಳೆಯ ಎಪ್ಪತ್ತೈದು ಸಾವಿರದ ಪಕ್ಕದಲ್ಲಿ ಈ ಆರುನೂರನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ವೈದ್ಯರು ಆ ಪುಟದ ಫೋಟೊ ತೆಗೆದುಕೊಂಡರು.

ಹಿಮ್ಮಡಿಯ ಬಿರುಕಿಗೂ ಒಂದು ಪರೀಕ್ಷೆ ಮಾಡಿದೆ. ಎಡಕ್ಕೆ ಕೊಬ್ಬರಿ ಎಣ್ಣೆ, ಬಲಕ್ಕೆ ಯೂರಿಯಾ ಕ್ರೀಮು, ಎರಡು ಸಲ, ಮೂರು ಮೂರು ವಾರ. ಜುಲೈನಲ್ಲಿ ಎರಡೂ ಸಮ. ಜನವರಿಯ ಒಣಹವೆಯಲ್ಲಿ ಮಾತ್ರ ಎಣ್ಣೆ ಸೋತಿತು. ಹರಳೆಣ್ಣೆಯಿಂದ ಆದದ್ದು ನೆಲ ಜಾರಿದ್ದೊಂದೇ. ಬೆರಳ ಸಂದಿಗೆ ಇವು ಯಾವುವನ್ನೂ ಹಚ್ಚುವುದಿಲ್ಲ.

ಆ ಸಂದುಗಳೇ ನನ್ನನ್ನು ಇನ್ನೂ ಕಾಡುತ್ತಿರುವುದು. ಮಳೆಗಾಲದಲ್ಲಿ ನಾಲ್ಕನೆಯ ಮತ್ತು ಕಿರುಬೆರಳ ನಡುವೆ ಚರ್ಮ ಬೆಳ್ಳಗೆ ನೆನೆಯುತ್ತದೆ. ಪೌಡರು ಹಾಕಿದರೆ ಉಂಡೆಕಟ್ಟಿ ಇನ್ನಷ್ಟು ತೇವ ಹಿಡಿಯಿತು. ಹೇರ್ ಡ್ರೈಯರನ್ನು ವೈದ್ಯರು ಬೈದು ಬಿಡಿಸಿದರು. ಈಗ ಹಳೆಯ ಮಲ್ಲಿನ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಗಾಯಕ್ಕೆ ಕಟ್ಟುವ ಒಣ ಗಾಜ್ ಬಟ್ಟೆಯನ್ನು ಸಡಿಲವಾಗಿ ಮಡಿಸಿ ಇಟ್ಟು, ಬೆಳಿಗ್ಗೆ ತೆಗೆದು ನೋಡುತ್ತಿದ್ದೇನೆ. ಒಂಬತ್ತು ದಿನಗಳಲ್ಲಿ ಏಳು ದಿನ ಒಣಗಿತ್ತು. ಉಳಿದೆರಡು ದಿನ ಮಳೆಯಲ್ಲಿ ಶೂ ನೆನೆದಿತ್ತು.