ಆಸ್ಟಿಯೋಪಥಿಯ ಮೊದಲ ಭೇಟಿ: ಒಂದು ಗಂಟೆ ಏಕೆ ಬೇಕು?

ಆಸ್ಟಿಯೋಪಥಿ ಎಂದರೆ ಸ್ನಾಯು, ಕೀಲುಗಳ ನೋವಿಗೆ ಕೈಯಿಂದ ಮಾಡುವ ಚಿಕಿತ್ಸೆ. ಅದಕ್ಕಾಗಿ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಫೋನ್ ಮಾಡುವವರು ಮೊದಲು ವಿಚಾರಿಸುವುದು ಎಷ್ಟು ಹೊತ್ತಾಗುತ್ತದೆ ಎಂದು. ಹೊಸನಗರ, ಸಾಗರದ ಕಡೆಯಿಂದ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಮನೆ ಸೇರಬೇಕಾದವರು ಹಾಗೆ ಕೇಳುವುದು ಸಹಜ. ಮೊದಲ ಭೇಟಿಗೆ ಒಂದು ಗಂಟೆ, ಅನಂತರದವಕ್ಕೆ ಅರ್ಧ ಗಂಟೆ ಎಂದು ಹೇಳುತ್ತೇನೆ. ಆ ಗಂಟೆಯ ಸುಮಾರು ಅರ್ಧ ಭಾಗ ಮಾತಿಗೂ ಪರೀಕ್ಷೆಗೂ ಹೋಗುತ್ತದೆಂಬುದನ್ನೂ ಆಗಲೇ ತಿಳಿಸುತ್ತೇನೆ. ಇಲ್ಲದಿದ್ದರೆ ಉಳುಕು ತೆಗೆಸಿಕೊಳ್ಳುವ ನಿರೀಕ್ಷೆಯಿಂದ ಬಂದವರಿಗೆ ನಿರಾಸೆಯಾಗುತ್ತದೆ.

ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಆರಂಭಿಸಿದ ಪದ್ಧತಿಯಿದು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಂತೆ ನೋಂದಣಿಯಿಲ್ಲದವರು ಆಸ್ಟಿಯೋಪಥ್ ಎಂದು ಹೇಳಿಕೊಳ್ಳುವಂತಿಲ್ಲ. ನಾನು ಫಿಸಿಯೋಥೆರಪಿ ಪದವಿ ಮುಗಿಸಿ ಇದನ್ನು ಕಲಿತವನು. ಚಿಕಿತ್ಸಕರ ಮೂಲ ಓದು ಯಾವುದೆಂದು ರೋಗಿಗಳು ಸಂಕೋಚವಿಲ್ಲದೆ ಕೇಳಬೇಕು.

ಮಾತು ನೋವಿನಿಂದ ಆರಂಭವಾದರೂ ಬೇಗನೆ ಕೆಲಸದ ಕಡೆ ಹೊರಳುತ್ತದೆ. ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಕುತ್ತಿಗೆ, ಭುಜಗಳ ಕಥೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ರೆಕ್ಕೆಮೂಳೆಯ ಬಳಿ ನೋವೆಂದು ಬಂದಿದ್ದ ತೀರ್ಥಹಳ್ಳಿ ಕಡೆಯ ಒಬ್ಬರಿಗೆ ಮಣೆ ಕೊಟ್ಟು, "ಸುಲಿಯುವಾಗ ಹೇಗೆ ಕೂರುತ್ತೀರೋ ಹಾಗೇ ಕೂತು ತೋರಿಸಿ ಅಮ್ಮ" ಎಂದೆ. "ನೋವು ಇಲ್ಲಿ ಅಂದೆನಲ್ಲ ಡಾಕ್ಟ್ರೇ, ಇದೆಲ್ಲ ಯಾಕೆ?" ಎನ್ನುತ್ತಲೇ ಕೂತರು. ಬಲಭುಜ ಕಿವಿಯತ್ತ ಏರಿತು, ಕುತ್ತಿಗೆ ಎಡಕ್ಕೆ ವಾಲಿತು, ನಡುಬೆನ್ನು ಮಾತ್ರ ಹಲಗೆಯಂತೆ ಅಲುಗಲಿಲ್ಲ. ಅಂದಿನ ಚಿಕಿತ್ಸೆಯನ್ನು ನೋವಿದ್ದ ಜಾಗಕ್ಕಿಂತ ಹೆಚ್ಚಾಗಿ ಆ ನಡುಬೆನ್ನಿಗೇ ಮಾಡಿದೆ; ಮಣೆಯ ಎತ್ತರವನ್ನೂ ಹೆಚ್ಚಿಸಲು ಹೇಳಿದೆ.

ಕಾರಣವಿಲ್ಲದೆ ತೂಕ ಇಳಿದಿದೆಯೇ, ಜ್ವರವಿದೆಯೇ, ರಾತ್ರಿ ಮಲಗಿದರೂ ನೋವು ತಗ್ಗುವುದಿಲ್ಲವೇ ಎಂದು ತಪ್ಪದೆ ಕೇಳುತ್ತೇನೆ. ಸೊಂಟನೋವಿನೊಂದಿಗೆ ಮೂತ್ರದ ಹಿಡಿತ ತಪ್ಪಿದ್ದರೆ ಅಥವಾ ತೊಡೆಸಂದಿಯ ಸುತ್ತ ಜೋಮು ಹಿಡಿದಿದ್ದರೆ ಮೈ ಮುಟ್ಟಿ ಚಿಕಿತ್ಸೆ ಮಾಡುವ ಪ್ರಶ್ನೆಯೇ ಇಲ್ಲ. ಆ ಕ್ಷಣವೇ ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸುತ್ತೇನೆ. ಮೂಳೆ ಸವೆದ ವಯಸ್ಸಾದವರಿಗೆ ಬೆನ್ನನ್ನು ತಳ್ಳಿ ಲಟಕ್ ಎನಿಸುವ ವಿಧಾನವನ್ನು ಬಳಸುವುದಿಲ್ಲ.

ಅನಂತರ ಬಾಗಿಸಿ, ತಿರುಗಿಸಿ, ಮಲಗಿಸಿ ಕಾಲೆತ್ತಿ ನೋಡುವ ಪರೀಕ್ಷೆ. ಇದಕ್ಕೆ ಸಡಿಲವಾದ ಬಟ್ಟೆ ಬೇಕು. ಮನೆಯವರೊಬ್ಬರು ಕೋಣೆಯಲ್ಲಿ ಇರಬಹುದು, ಹೆಂಗಸರು ಬಂದಾಗ ನಾನೇ ಹಾಗೆಂದು ಸೂಚಿಸುತ್ತೇನೆ.

ಕೈಯಿಂದ ಮಾಡುವ ಚಿಕಿತ್ಸೆಗೆ ಉಳಿಯುವುದು ಇಪ್ಪತ್ತು ನಿಮಿಷದ ಆಸುಪಾಸು. ಬಹುಪಾಲು ಸ್ನಾಯುಗಳನ್ನು ಒತ್ತಿ ಸಡಿಲಿಸುವುದು, ಕೀಲುಗಳನ್ನು ನಿಧಾನವಾಗಿ ಆಡಿಸುವುದು. ಅಗತ್ಯವೆನಿಸಿದರೆ, ಒಪ್ಪಿಗೆ ಕೇಳಿಕೊಂಡು, ಒಂದು ಚುರುಕಾದ ತಳ್ಳು. ಆಗ ಕೇಳಿಸುವ ಲಟಕ್ ಶಬ್ದ ಕೀಲಿನ ದ್ರವದೊಳಗಿನ ಅನಿಲದ್ದು. ಸರಿದ ಮೂಳೆ ಸ್ವಸ್ಥಾನಕ್ಕೆ ಕೂತದ್ದಲ್ಲ. ಶಬ್ದ ಬರಲಿಲ್ಲವೆಂದು ಬೇಸರಪಟ್ಟುಕೊಂಡು ಹೋದವರೂ ಇದ್ದಾರೆ! ಒಂದೆರಡು ದಿನ ಮೈಕೈ ನೋಯುವುದು ಸಾಮಾನ್ಯವಾದ್ದರಿಂದ ಅಂದು ಮರ ಹತ್ತುವುದು, ಗೊನೆ ಹೊರುವುದು ಬೇಡ.

ಕೊನೆಯ ಹತ್ತು ನಿಮಿಷವನ್ನು ವ್ಯಾಯಾಮ ಕಲಿಸಲು ಮೀಸಲಿಡುತ್ತೇನೆ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗಷ್ಟೇ ಸೂಚಿಸಿದೆ. ನನ್ನ ಅನುಭವವೂ ಅದಕ್ಕೆ ಹೊರತಲ್ಲ. ಉಬ್ಬಸ, ಸಕ್ಕರೆಕಾಯಿಲೆಗಳಿಗೂ ಇದೇ ಮದ್ದೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ಭೇಟಿಗಳ ಹಣವನ್ನು ಮುಂಗಡವಾಗಿ ಪಡೆಯುವ ಪದ್ಧತಿಯನ್ನೂ ಇಟ್ಟುಕೊಂಡಿಲ್ಲ. ಮೂರ್ನಾಲ್ಕು ಭೇಟಿಗಳಲ್ಲಿ ಏನೂ ಬದಲಾಗದಿದ್ದರೆ ಮೂಳೆತಜ್ಞರಿಗೆ ಪತ್ರ ಬರೆದುಕೊಡುತ್ತೇನೆ.