ಎದುರಿನವರ ಕಣ್ಣು ಕುಕ್ಕದಂತೆ ಹೆಡ್‌ಲೈಟಿನ ಬೆಳಕು ಹೆಚ್ಚಿಸಿಕೊಂಡ ನನ್ನ ಅನುಭವ

ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದ ಮೇಲೆ ಗುಂಡ್ಯ ಬರುವವರೆಗೂ ನನ್ನ ಕಾರಿನ ಹೆಡ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಎರಡು ಮಳೆಗಾಲ ನನ್ನನ್ನು ಕಾಡಿತ್ತು. ಕೆಲಸ ಹಾಸನದಲ್ಲಿ, ಮನೆ ಪುತ್ತೂರಿನ ಕಡೆ. ತಿಂಗಳಿಗೆ ಎರಡು ಸಲವಾದರೂ ಶುಕ್ರವಾರ ಕಚೇರಿ ಮುಗಿಸಿ ರಾತ್ರಿಯೇ ಘಾಟಿ ಇಳಿಯಬೇಕು. ಕಾರು 2012ರದ್ದು, ಒಂದೇ ಬಲ್ಬಿನಲ್ಲಿ ಹೈ (ದೂರಕ್ಕೆ ಹಾಯುವ) ಮತ್ತು ಲೋ (ಕೆಳಕ್ಕೆ ತಗ್ಗಿದ) ಎರಡೂ ಬೀಮ್ ಇರುವ ಎಚ್4 ಹ್ಯಾಲೊಜನ್ ದೀಪದ್ದು. ಒದ್ದೆಯಾದ ಡಾಂಬರು ರಸ್ತೆಯ ಮೇಲೆ ಬಿದ್ದ ಬೆಳಕು ನಮ್ಮ ಕಡೆಗೆ ಮರಳದೆ ಮುಂದಕ್ಕೇ ಜಾರಿಹೋಗುವುದರಿಂದ, ಎದುರಿನಿಂದ ಒಂದು ಟ್ಯಾಂಕರ್ ಬಂದರೆ ಸಾಕು, ರಸ್ತೆಯ ಅಂಚು ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಎಂಬುದು ಕೆಲವು ಕ್ಷಣ ತಿಳಿಯುತ್ತಲೇ ಇರಲಿಲ್ಲ.

ಎಲ್ಲರೂ ಮಾಡುವ ಕೆಲಸವನ್ನೇ ನಾನೂ ಮೊದಲು ಮಾಡಿದೆ. ಒಂದು ಆಕ್ಸೆಸರಿ ಅಂಗಡಿಗೆ ಹೋಗಿ ಹ್ಯಾಲೊಜನ್ ಬಲ್ಬು ತೆಗೆಸಿ, ಅದೇ ಜಾಗಕ್ಕೆ ಎಲ್ಇಡಿ ಬಲ್ಬು ಹಾಕಿಸಿಕೊಂಡೆ. ಇಪ್ಪತ್ತು ನಿಮಿಷದ ಕೆಲಸ. ಬೆಳಕು ಹಾಲಿನಂತೆ ಬಿಳುಪಾಗಿತ್ತು, ನನಗೆ ತೃಪ್ತಿಯಾಗಿತ್ತು. ಆದರೆ ಆ ರಾತ್ರಿ ಘಾಟಿಯಲ್ಲಿ, ನಾನು ಲೋ ಬೀಮಿನಲ್ಲೇ ಇದ್ದರೂ, ಎದುರು ಬಂದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ತಗ್ಗಿಸು ಎಂದು ನನ್ನತ್ತ ಡಿಪ್ ಹೊಡೆದವು. ಮನೆ ತಲುಪಿದಾಗ ಗೇಟು ತೆಗೆಯಲು ಬಂದ ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. "ಎದುರಿನ ಮೆಟ್ಟಿಲೇ ಕಾಣಲಿಲ್ಲ ಮಾರಾಯ, ಇದೆಂತ ಲೈಟು?" ಎಂದರು. ನಾನು ಇಳಿದು, ಇಪ್ಪತ್ತು ಹೆಜ್ಜೆ ದೂರ ಹೋಗಿ, ನನ್ನ ಕಾರಿನ ಎದುರು ನಿಂತು ನೋಡಿದೆ. ದೀಪದ ಸುತ್ತಲಿನದು ಏನೂ ಕಾಣಲಿಲ್ಲ. ಪಕ್ಕಕ್ಕೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣೆದುರು ಕಪ್ಪು ಕಲೆ ಉಳಿದಿತ್ತು. ಒಂದೂವರೆ ಗಂಟೆ ಕಾಲ ಎಷ್ಟೋ ಚಾಲಕರನ್ನು, ಅವರಲ್ಲಿ ಎಷ್ಟೋ ಬೈಕ್ ಸವಾರರನ್ನು, ತಿರುವಿನಲ್ಲಿ ಈ ಸ್ಥಿತಿಗೆ ತಂದಿದ್ದೆ ಎಂಬುದು ನನ್ನನ್ನು ಬಹಳ ನೋಯಿಸಿತು. ಮರುದಿನವೇ ಆ ಬಲ್ಬುಗಳನ್ನು ಬಿಚ್ಚಿದೆ.

ಹೀಗೇಕಾಯಿತು ಎಂಬುದು ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಅದರೊಳಗೆ ಎರಡು ತಂತಿಗಳಿವೆ. ಲೋ ಬೀಮಿನ ತಂತಿಯ ಕೆಳಗೆ ಪುಟ್ಟ ಬೋಗುಣಿಯಂತಹ ಒಂದು ಲೋಹದ ತಗಡು ಇದೆ; ಅದು ರಿಫ್ಲೆಕ್ಟರಿನ (ಬಲ್ಬಿನ ಹಿಂದಿನ ಹೊಳೆಯುವ ಬಟ್ಟಲಿನ) ಕೆಳಭಾಗಕ್ಕೆ ಬೆಳಕು ಹೋಗದಂತೆ ತಡೆಯುತ್ತದೆ. ಹಾಗಾಗಿ ಮೇಲ್ಭಾಗಕ್ಕೆ ತಾಗಿದ ಬೆಳಕು ಮಾತ್ರ ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಗೋಡೆಯ ಮೇಲೆ ನೋಡಿದರೆ ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಚಾಕುವಿನಿಂದ ಕತ್ತರಿಸಿದಂತಹ ಗೆರೆ. ಎಡಬದಿಯಲ್ಲಿ ಚಲಿಸುವ ನಮ್ಮಂತಹ ದೇಶಗಳ ದೀಪಗಳಲ್ಲಿ ಈ ಗೆರೆ ಎಡಕ್ಕೆ ಸುಮಾರು 15 ಡಿಗ್ರಿ ಓರೆಯಾಗಿ ಮೇಲೇರುತ್ತದೆ, ಪಾದಚಾರಿಗಳೂ ಫಲಕಗಳೂ ಕಾಣಲೆಂದು. ಬಲಕ್ಕೆ, ಅಂದರೆ ಎದುರು ಬರುವವರ ಕಡೆಗೆ, ಅದು ತಗ್ಗಿಯೇ ಇರುತ್ತದೆ. ರಿಫ್ಲೆಕ್ಟರಿನ ಪ್ರತಿಯೊಂದು ಬಾಗನ್ನೂ ಆ ತಂತಿ ಇರುವ ಜಾಗವನ್ನು ಲೆಕ್ಕವಿಟ್ಟೇ ರೂಪಿಸಿರುತ್ತಾರೆ. ಎಲ್ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಚಪ್ಪಟೆ ಪಟ್ಟಿಯ ಎರಡು ಬದಿಗಳಲ್ಲಿ ಅಂಟಿಸಿದ ಪುಟ್ಟ ಚಿಪ್‌ಗಳಿಂದ. ಆ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಗೆರೆ ಒಡೆದು ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಕಾರ್ಖಾನೆಯಿಂದಲೇ ಎಲ್ಇಡಿಗೆಂದು ವಿನ್ಯಾಸಗೊಂಡು ಬಂದ ದೀಪದ ಮಾತು ಬೇರೆ. ಹ್ಯಾಲೊಜನ್ನಿನ ಮನೆಯಲ್ಲಿ ಎಲ್ಇಡಿ ಕೂರಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ.

ಇನ್ನೊಂದು ಸಂಗತಿಯನ್ನೂ ಆ ರಾತ್ರಿ ಗಮನಿಸಿದ್ದೆ. ಕಾರಿನ ಮುಂದಿನ ಹತ್ತು ಹದಿನೈದು ಮೀಟರ್ ರಸ್ತೆ ಹಗಲಿನಂತೆ ಕಂಡರೂ ಅದರಾಚೆಯದು ಮೊದಲಿಗಿಂತ ಮಸುಕಾಗಿತ್ತು. ಹತ್ತಿರದ ನೆಲ ಅತಿಯಾಗಿ ಬೆಳಗಿದರೆ ನಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಮಂದ ವಸ್ತುಗಳು ಕತ್ತಲೆಗೆ ಸೇರುತ್ತವೆ. ನಮಗೆ ಬೇಕಾದದ್ದು ಬಂಪರಿನ ಮುಂದಿನ ಬೆಳಕಲ್ಲ, ಐವತ್ತು ಅರವತ್ತು ಮೀಟರ್ ಆಚೆಯ ಬೆಳಕು.

ಹಳೆಯ ಹ್ಯಾಲೊಜನ್ನಿಗೇ ಮರಳಿ, ಅದರ ಬೆಳಕು ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕತೊಡಗಿದೆ. ಮೊದಲನೆಯದು ಕಣ್ಣಿಗೇ ಕಾಣುತ್ತಿತ್ತು. ಹೆಡ್‌ಲೈಟಿನ ಗಾಜು ಎಂದು ನಾವು ಕರೆಯುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲಿನ ರಕ್ಷಣಾ ಲೇಪನ ವರ್ಷಗಳ ಬಿಸಿಲಿಗೆ ಸವೆದು, ಅತಿನೇರಳೆ ಕಿರಣಗಳಿಂದ ಹಳದಿಗಟ್ಟಿತ್ತು. ಹೀಗೆ ಮಬ್ಬಾದ ಗಾಜು ಬೆಳಕನ್ನು ನುಂಗುವುದಷ್ಟೇ ಅಲ್ಲ, ಉಳಿದದ್ದನ್ನು ಎಲ್ಲ ದಿಕ್ಕಿಗೂ ಚದುರಿಸಿ ಎದುರಿನವರ ಕಣ್ಣಿಗೂ ಎರಚುತ್ತದೆ. ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, ನೀರು ಹಾಕುತ್ತ 800, 1000, 1500, 2000 ನಂಬರಿನ ವಾಟರ್ ಪೇಪರುಗಳಿಂದ (ನೀರಿನಲ್ಲಿ ಬಳಸುವ ಉಜ್ಜುಕಾಗದ) ಒಂದಾದ ಮೇಲೊಂದರಂತೆ ಉಜ್ಜಿದೆ. ಕೊನೆಗೆ ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿ ಹೊಳಪು ಬರಿಸಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಸಿಂಪಡಿಸಿದೆ. ಈ ಕೊನೆಯ ಲೇಪನವನ್ನು ಬಿಡಬಾರದು; ಟೂತ್‌ಪೇಸ್ಟಿನಿಂದ ಉಜ್ಜಿ ನಿಲ್ಲಿಸಿದವರ ಗಾಜು ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುವುದು ಈ ಲೇಪನ ಇಲ್ಲದ್ದರಿಂದಲೇ.

ಎರಡನೆಯದನ್ನು ವೋಲ್ಟೇಜು ಅಳೆಯುವ ಮಲ್ಟಿಮೀಟರ್ ತೋರಿಸಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಇದ್ದರೆ, ದೀಪ ಉರಿಯುತ್ತಿರುವಾಗ ಬಲ್ಬಿನ ಹೋಲ್ಡರಿನಲ್ಲಿ ಸಿಕ್ಕಿದ್ದು 12.3 ಮಾತ್ರ. ಉಳಿದದ್ದು ತೆಳುವಾದ ಹಳೆಯ ವೈರಿನಲ್ಲಿ, ಸ್ವಿಚ್ಚಿನಲ್ಲಿ, ತುಕ್ಕು ಹಿಡಿದ ಅರ್ತ್ ಜೋಡಣೆಯಲ್ಲಿ ಕಳೆದುಹೋಗುತ್ತಿತ್ತು. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನೊಂದಿಗೆ ಸಮಸಮವಾಗಿ ಇಳಿಯುವುದಿಲ್ಲ; ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಗುತ್ತದೆ. ಅದಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೆರಾಮಿಕ್ ಹೋಲ್ಡರ್ ಇರುವ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ವೈರಿಂಗ್ ಕಿಟ್ ತಂದೆ. ಇದರಲ್ಲಿ ಕಾರಿನ ಮೂಲ ವೈರು ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ಬಲ್ಬಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ, 2.5 ಚದರ ಮಿ.ಮೀ. ದಪ್ಪದ ವೈರಿನಲ್ಲಿ ನೇರವಾಗಿ ಬರುತ್ತದೆ. ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು, ಏಕೆಂದರೆ ಫ್ಯೂಸಿಗಿಂತ ಮೊದಲು ವೈರು ಎಲ್ಲಾದರೂ ಉಜ್ಜಿ ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ. ಕೆಲವು ಕಾರುಗಳಲ್ಲಿ ಸ್ವಿಚ್ಚು ಪಾಸಿಟಿವ್ ಬದಲು ನೆಗೆಟಿವ್ ಬದಿಯಲ್ಲಿ ಇರುತ್ತದೆ. ಕಿಟ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಿಕೊಳ್ಳಬೇಕು. ಜೋಡಿಸಿದ ಮೇಲೆ ಹೋಲ್ಡರಿನಲ್ಲಿ 13.7 ವೋಲ್ಟ್ ಸಿಕ್ಕಿತು. ಅದೇ ಬಲ್ಬು, ಬೆಳಕು ಮಾತ್ರ ನೂರಕ್ಕೆ ನಲವತ್ತರಷ್ಟು ಹೆಚ್ಚು.

ಬಲ್ಬು 60/55 ವಾಟಿನದ್ದೇ (ಹೈ ಬೀಮಿಗೆ 60, ಲೋ ಬೀಮಿಗೆ 55), ಒಳ್ಳೆಯ ಕಂಪನಿಯ ಹೊಸ ಜೋಡಿ. 100/90 ವಾಟಿನದ್ದು ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟವರಿದ್ದರು. ಅದು ನಿಯಮಕ್ಕೆ ವಿರುದ್ಧ, ಅದರ ಕಾವಿಗೆ ರಿಫ್ಲೆಕ್ಟರಿನ ಹೊಳೆಯುವ ಲೇಪನ ಸುಡುತ್ತದೆ, ಎದುರಿನವರಿಗೂ ಹಿಂಸೆ.

ಆದರೆ ಇಷ್ಟೆಲ್ಲ ಮಾಡಿ ದೀಪದ ಕೋನವನ್ನು ಸರಿಪಡಿಸದಿದ್ದರೆ ಎದುರಿನವರಿಗೆ ಆಗುವ ತೊಂದರೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಇದಕ್ಕೇ. ಟೈರುಗಳ ಗಾಳಿ ಸರಿ ಮಾಡಿಸಿ, ಅರ್ಧ ಟ್ಯಾಂಕ್ ಇಂಧನ ಇಟ್ಟು, ತಮ್ಮನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ನೆಲ ಸಮತಟ್ಟಾಗಿರುವ ಒಂದು ಗೋದಾಮಿನ ಗೋಡೆಗೆ ದೀಪಗಳಿಂದ ಸರಿಯಾಗಿ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿದೆ. ನೆಲದಿಂದ ದೀಪದ ಮಧ್ಯಬಿಂದುವಿಗೆ 66 ಸೆಂ.ಮೀ. ಎತ್ತರವಿತ್ತು. ಗೋಡೆಯ ಮೇಲೆ ಆ ಎತ್ತರದಲ್ಲಿ ಒಂದು ಟೇಪು, ಅದಕ್ಕಿಂತ 10 ಸೆಂ.ಮೀ. ಕೆಳಗೆ ಇನ್ನೊಂದು ಟೇಪು ಅಂಟಿಸಿದೆ. ಇದು ನೂರಕ್ಕೆ ಒಂದರ ಇಳಿಜಾರು. ಹಲವು ಹೆಡ್‌ಲೈಟುಗಳ ಮೇಲೆಯೇ ಈ ಅಂಕಿ ಅಚ್ಚಾಗಿರುತ್ತದೆ. ಒಂದು ದೀಪಕ್ಕೆ ರಟ್ಟು ಅಡ್ಡ ಹಿಡಿದು, ಇನ್ನೊಂದರ ಹಿಂದಿನ ಸ್ಕ್ರೂ ತಿರುಗಿಸುತ್ತ, ಲೋ ಬೀಮಿನ ಸಮತಲ ಗೆರೆಯನ್ನು ಕೆಳಗಿನ ಟೇಪಿಗೆ ತಂದು ಕೂರಿಸಿದೆ. ಬಲಗಡೆಯ ದೀಪ ಮೊದಲು ಮೇಲಿನ ಟೇಪನ್ನೂ ದಾಟಿ ನಿಂತಿತ್ತು. ಎಡಗಡೆಯದು ಬಂಪರಿನ ಮುಂದಿನ ನೆಲವನ್ನೇ ನೋಡುತ್ತಿತ್ತು. ಈಗಿನ ಲೆಕ್ಕದಂತೆ ಬೆಳಕಿನ ಗೆರೆ ರಸ್ತೆಯನ್ನು ಮುಟ್ಟುವುದು 66 ಮೀಟರ್ ದೂರದಲ್ಲಿ.

ಹಿಂದೆ ಎದುರಿನವರಿಗೆ ಕುಕ್ಕದಿರಲೆಂದು ಬಸ್ಸು ಲಾರಿಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಎಚ್4 ದೀಪದಲ್ಲಿ ಲೋ ಬೀಮ್ ಹುಟ್ಟುವುದೇ ಮೇಲ್ಭಾಗದಿಂದ. ಅಲ್ಲಿ ಬಣ್ಣ ಬಳಿದರೆ ಚಾಲಕನಿಗೆ ಬೇಕಾದ ಬೆಳಕೇ ಹೋಗುತ್ತದೆ.

ಊರಿನಿಂದ ಮರಳುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ, ಅಕ್ಕಿ ಮೂಟೆ ಇರುವುದು ನಮ್ಮಲ್ಲಿ ಸಾಮಾನ್ಯ. ಈ ಭಾರಕ್ಕೆ ಕಾರಿನ ಹಿಂಬದಿ 5 ಸೆಂ.ಮೀ. ಕುಸಿದರೆ, ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 2.4 ಮೀಟರ್ ಇರುವುದರಿಂದ, ದೀಪ ನೂರಕ್ಕೆ ಎರಡರಷ್ಟು ಮೇಲಕ್ಕೆ ಎತ್ತುತ್ತದೆ. ನಾನು ಕಷ್ಟಪಟ್ಟು ಕೊಟ್ಟ ಇಳಿಜಾರು ಅಳಿದು, 50 ಮೀಟರ್ ದೂರದಲ್ಲಿ ಗೆರೆ 116 ಸೆಂ.ಮೀ. ಎತ್ತರಕ್ಕೆ ಏರುತ್ತದೆ. ಅದು ಎದುರು ಕಾರಿನ ಚಾಲಕನ ಕಣ್ಣಿನ ಎತ್ತರ. ಸ್ಟಿಯರಿಂಗಿನ ಬಲಕ್ಕೆ 0ಯಿಂದ 3ರವರೆಗೆ ಅಂಕಿಗಳಿರುವ ಪುಟ್ಟ ಚಕ್ರ ಇರುವುದು ಇದಕ್ಕೇ ಎಂಬುದು ಹಲವರಿಗೆ ಗೊತ್ತಿಲ್ಲ. ಹೊರೆ ಇದ್ದಾಗ ಅದನ್ನು ತಿರುಗಿಸಿ ಬೆಳಕನ್ನು ತಗ್ಗಿಸಬೇಕು. ಹೊರೆ ಇಳಿಸಿದ ಮೇಲೆ 0ಗೆ ತರಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಬೆಳಕು ಕುಕ್ಕಬಾರದು ಎನ್ನುತ್ತದೆ. ಟೇಪು ಹಿಡಿದು ಅಳೆದು, ಸ್ವಲ್ಪ ಬಗ್ಗಿ ಆ ಎತ್ತರಕ್ಕೆ ಕಣ್ಣು ತಂದು ನಾನೇ ನಿಂತು ನೋಡಿದೆ. ದೀಪ ಉರಿಯುತ್ತಿರುವುದು ಕಾಣುತ್ತಿತ್ತು. ನಂಬರ್ ಪ್ಲೇಟಿನ ಅಕ್ಷರಗಳನ್ನೂ ಓದಲು ಆಗುತ್ತಿತ್ತು. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ಕಾರ್ಯಾಚರಣೆ ನಡೆಸಿದಾಗ, ಹೀಗೆ ಅಳೆದು ನೋಡುವ ಅಭ್ಯಾಸ ವಾಹನ ಮಾಲೀಕರಲ್ಲೇ ಬೆಳೆಯಲಿ ಎಂದು ಮನಸಾರೆ ಬಯಸಿದ್ದೆ.

ಈಗ ಘಾಟಿಯಲ್ಲಿ ರಸ್ತೆಯ ಬಿಳಿ ಅಂಚು ತಿರುವಿಗಿಂತ ಮೊದಲೇ ಕಾಣುತ್ತದೆ, ಎದುರಿನವರು ಡಿಪ್ ಹೊಡೆಯುವುದೂ ನಿಂತಿದೆ. ಕಳೆದ ತಿಂಗಳು ಮುಂದಿನ ಎರಡೂ ಸ್ಪ್ರಿಂಗ್ ಬದಲಿಸಿದ ಮೇಲೆ ಕಾರನ್ನು ಅದೇ ಗೋಡೆಯ ಮುಂದೆ ಮತ್ತೆ ನಿಲ್ಲಿಸಿದೆ. ಗೆರೆಗಳು 5 ಸೆಂ.ಮೀ. ಮೇಲೇರಿದ್ದವು. ತಮ್ಮ ಮತ್ತೆ ಚಾಲಕನ ಸೀಟಿನಲ್ಲಿ ಕುಳಿತ, ನಾನು ಸ್ಕ್ರೂ ತಿರುಗಿಸಿ ಎರಡನ್ನೂ ಕೆಳಗಿನ ಟೇಪಿಗೆ ಇಳಿಸಿದೆ.